ಲೆಕ್ಕಕ್ಕೆ ಸರಿಹೋದ ಹೆಂಡತಿ

ಸಮುದ್ರದಲ್ಲಿ ಮುಖ ಮುಳುಗಿಸಿ ಮೀನು ನೋಡುವ ಹುಚ್ಚು ನನ್ನದಲ್ಲ, ಇವರದು. ಮದುವೆಯಾಗಿ ಇಪ್ಪತ್ತೈದು ವರ್ಷವಾಯಿತೆಂದು ದ್ವೀಪಕ್ಕೆ ಕರೆತಂದಿದ್ದರು. ಬೆಳಿಗ್ಗೆ ದೀಪಸ್ತಂಭದ ಮೆಟ್ಟಿಲು ಹತ್ತಿಸಿ, ಮಂಡಿಚಿಪ್ಪು ಕಳಚುವಷ್ಟು ಸುತ್ತಾಡಿಸಿ, ಮಧ್ಯಾಹ್ನ ದೋಣಿ ಹತ್ತಿಸಿದರು. ನನಗೋ ಈಜು ಬಾರದು.

"ಜಾಕೆಟ್ ಇದೆ ಕಣೇ, ನೀನು ಮುಳುಗ್ತೀನಿ ಅಂದ್ರೂ ಅದು ಬಿಡಲ್ಲ," ಎಂದರು.

ಕಣ್ಣಿಗೆ ಗಾಜು, ಬಾಯಿಗೆ ಕೊಳವೆ, ಮೈಗೆ ಕಿತ್ತಳೆ ಬಣ್ಣದ ಜಾಕೆಟ್. ನೀರಿಗಿಳಿದ ಮೇಲೆ ಯಾರು ಯಾರೆಂದು ಬ್ರಹ್ಮನಿಗೂ ಗೊತ್ತಾಗದು. ಪಕ್ಕದಲ್ಲೇ ಇನ್ನೊಂದು ದೋಣಿಯವರೂ ತೇಲುತ್ತಿದ್ದರು. ನಿಜ ಹೇಳಬೇಕೆಂದರೆ, ಕೆಳಗೆ ನೋಡಿ ನಾನು ಬೆರಗಾದೆ. ಹಳದಿ ಮೀನಿನ ಹಿಂಡೊಂದು ನನ್ನ ಹೊಟ್ಟೆಯ ಕೆಳಗೇ ಹಾದುಹೋಯಿತು. ಇವರಿಗೆ ತೋರಿಸೋಣವೆಂದು ತಲೆ ಎತ್ತಿದೆ. ಬೊಕ್ಕತಲೆಯಿಂದ ಗುರುತು ಸಿಕ್ಕಿತು. ಬೇರೆ ಯಾವಳದೋ ಕೈ ಹಿಡಿದು ನಮ್ಮ ದೋಣಿಯತ್ತ ಎಳೆದೊಯ್ಯುತ್ತಿದ್ದರು!

ಕೂಗಲು ಬಾಯಿ ತೆರೆದರೆ ಉಪ್ಪುನೀರು ನುಗ್ಗಿತು. ಇವರು ಅವಳನ್ನು ಹತ್ತಿಸಿಕೊಂಡರು, ಬಗ್ಗಿ ಕೆಮ್ಮುತ್ತಿದ್ದವಳಿಗೆ ತಲೆತುಂಬ ಟವೆಲ್ ಹೊದಿಸಿದರು. ದೋಣಿಯವನು ತಲೆ ಎಣಿಸಿದ, ಲೆಕ್ಕ ಸರಿಹೋಯಿತು, ಹೊರಟೇಬಿಟ್ಟ. ಊರ ಹೆಂಗಸರ ಅಳತೆಯನ್ನೆಲ್ಲ ಕಣ್ಣಲ್ಲೇ ಹೇಳುವ ಟೈಲರ್ ನನ್ನ ಗಂಡನೆಂಬ ಈ ಮಹಾರಾಯ, ಸ್ವಂತ ಹೆಂಡತಿಯ ಅಳತೆ ಮಾತ್ರ ತಿಳಿಯಲಿಲ್ಲ! ಕಾಲ ಕೆಳಗೆ ನೆಲವಿಲ್ಲ, ಸುತ್ತ ನಮ್ಮವರೆನ್ನುವವರಿಲ್ಲ. ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಯಾರೋ ಜಾಕೆಟ್ ಹಿಡಿದು ಇನ್ನೊಂದು ದೋಣಿಗೆ ಎಳೆದುಕೊಂಡರು. ಅಲ್ಲಿಯವನೂ ತಲೆ ಎಣಿಸಿದ. ಅಲ್ಲೂ ಲೆಕ್ಕ ಸರಿ! ನಾನು ಗಾಜು ಕಿತ್ತು ಕಿರುಚಿಕೊಂಡಾಗಲೇ ಒಬ್ಬ ಎದ್ದು ನಿಂತು, "ಹಾಗಾದ್ರೆ ನನ್ನ ತಂಗಿ ಎಲ್ಲಿ?" ಎಂದ.

ದಡದಲ್ಲಿ ಇವರು ಬಿಳಿಚಿಕೊಂಡು ನಿಂತಿದ್ದರು. ಪಕ್ಕದಲ್ಲಿ ಆ ತಂಗಿ ಅಳುತ್ತಿದ್ದಳು. "ನೀರು ಕುಡಿದು ಕಣ್ಣೇ ಕಾಣ್ತಿರ್ಲಿಲ್ಲ ಆಂಟಿ, ಸಿಕ್ಕಿದ ಕೈ ಹಿಡ್ಕೊಂಡೆ."

ಅವಳನ್ನು ಅಣ್ಣ ಕರೆದೊಯ್ದ. ನಾನು ಇವರತ್ತ ತಿರುಗಿದೆ.

"ರೀ, ಅಷ್ಟು ದೂರ ಕೈ ಹಿಡ್ಕೊಂಡು ಹೋದ್ರಲ್ಲ, ನನ್ನ ಕೈ ಅಲ್ಲ ಅಂತ ಗೊತ್ತಾಗ್ಲಿಲ್ವಾ?"

ಇವರು ತಲೆ ಎತ್ತಲಿಲ್ಲ. "ಅನುಮಾನ ಬಂತು ಕಣೇ. ನೀನು ಯಾವತ್ತೂ ಅಷ್ಟು ಗಟ್ಟಿಯಾಗಿ ಹಿಡ್ಕೊಂಡಿಲ್ಲ. ಇವತ್ತಾದ್ರೂ ಹಿಡ್ಕೊಂಡ್ಲಲ್ಲ ಅಂತ ಖುಷಿಯಾಯ್ತು. ಅದಕ್ಕೇ ತಿರುಗಿ ನೋಡ್ಲಿಲ್ಲ."

ಬೈಯಲೆಂದು ದಾರಿಯುದ್ದಕ್ಕೂ ಮಾತು ಕೂಡಿಹಾಕಿಕೊಂಡು ಬಂದಿದ್ದೆ. ಅದನ್ನೆಲ್ಲ ಬಿಟ್ಟು, ಒದ್ದೆ ಮರಳಿನ ಮೇಲೆ ಕೂತು ಇವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.