ಕೋಟೆಪಾಲಕನ ಗಂಟಲು

"ಎಡಕ್ಕೆ... ಇನ್ನೂ ಸ್ವಲ್ಪ ಎಡಕ್ಕೆ. ಗೋಡೆಗೆ ತಾಗುತ್ತೆ ನೋಡಿ!"

ಕೋಣೆಯಿಂದ ಕೆಳಗಿಳಿಯುವ ಮೆಟ್ಟಿಲ ತಿರುವಿನಲ್ಲಿ ಸ್ಟ್ರೆಚರ್ ಸಿಕ್ಕಿಕೊಂಡಿತ್ತು. ಬಿಳಿ ಬಟ್ಟೆಯಲ್ಲಿ ಸುತ್ತಿದ ತಮ್ಮನ ದೇಹ ಒಂದು ಪಕ್ಕಕ್ಕೆ ವಾಲಿತು. ಕಾಲಿನ ಕಡೆ ಹಿಡಿದಿದ್ದ ಅಣ್ಣ ಏದುಸಿರು ಬಿಡುತ್ತಿದ್ದ. ಜೊತೆಗೆ ಹೊತ್ತವರ ಪರಿಚಯ ಅವನಿಗಿರಲಿಲ್ಲ. ತಮ್ಮ ದುಡಿಯುತ್ತಿದ್ದ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದವರು ಎಂದಷ್ಟೇ ಗೊತ್ತು. ಬೆಳಿಗ್ಗೆ ತಮ್ಮನ ಕೋಣೆಯ ಮಾಲೀಕ ಸುದ್ದಿ ಕಳಿಸಿದಾಗಿನಿಂದ ಅವನು ಯಾರೊಡನೆಯೂ ತುಟಿ ಬಿಚ್ಚಿರಲಿಲ್ಲ. ಈಗ ತಡೆಯಲಾಗದೆ, ಗಂಟಲು ಸರಿಮಾಡಿಕೊಂಡು ಹೇಳಿದ:

"ನಿಧಾನ. ಎಲ್ಲವೂ ನಿಧಾನವಾಗಿ ಆಗಲಿ."

ತಲೆಯ ಕಡೆ ಹಿಡಿದಿದ್ದ ಹೆಂಗಸಿನ ಕೈ ಸಡಿಲಾಯಿತು. "ಅಯ್ಯೋ ದೇವರೇ!" ಎಂದಳು. ಅವಳ ಪಕ್ಕದಲ್ಲಿದ್ದ ಬೋಳುತಲೆಯವನು ಕಿಸಕ್ಕನೆ ನಕ್ಕು, ತಕ್ಷಣ ತುಟಿ ಕಚ್ಚಿಕೊಂಡ.

"ಹೆಣ ಹೊತ್ಕೊಂಡು ನಗ್ತೀಯಲ್ಲೋ, ನಾಚಿಕೆ ಆಗಲ್ವಾ ನಿನಗೆ?" ಎಂದು ಅವಳು ಗದರಿದಳು. ಆದರೆ ಅವಳ ತುಟಿಯ ಕೊನೆಯೂ ಅದುರುತ್ತಿತ್ತು.

ಅಣ್ಣ ಅವರಿಬ್ಬರ ಮುಖ ನೋಡಿದ. ಇವರಿಗೆಲ್ಲ ಗೊತ್ತಿದೆ. ತಮ್ಮ ಎಲ್ಲವನ್ನೂ ಹೇಳಿಯೇ ಹೋಗಿದ್ದಾನೆ.

*

ಎಷ್ಟೋ ವರ್ಷಗಳ ಹಿಂದೆ, ಬಟ್ಟೆ ಗಿರಣಿಯ ಉಗ್ರಾಣಕ್ಕೆ ಬೆಂಕಿ ಬಿದ್ದ ಮಾರನೆಯ ದಿನ ಅಣ್ಣತಮ್ಮಂದಿರಿಬ್ಬರನ್ನೂ ಮ್ಯಾನೇಜರರ ಕೋಣೆಗೆ ಕರೆಸಿದ್ದರು. ಇಬ್ಬರೂ ಅದೇ ಉಗ್ರಾಣದ ಗುಮಾಸ್ತರು. ಹಿಂದಿನ ಸಂಜೆ ಚಳಿಗೆಂದು ಹೀಟರ್ ಹಚ್ಚಿ, ಆರಿಸುವುದನ್ನು ಮರೆತು ಬಾಗಿಲು ಹಾಕಿಕೊಂಡು ಬಂದವನು ಅಣ್ಣ.

"ನಿನ್ನೆ ಕೊನೆಗೆ ಬೀಗ ಹಾಕಿದ್ದು ಯಾರು?"

ಅಣ್ಣನಿಗೆ ಆಗ ಹೆಂಡತಿಯಿದ್ದಳು, ತೊಟ್ಟಿಲಲ್ಲಿ ಮಗುವಿತ್ತು. ಗಂಟಲು ಸರಿಮಾಡಿಕೊಂಡು, "ತಮ್ಮ," ಎಂದ.

ತಮ್ಮ ತಿರುಗಿ ಅವನ ಮುಖ ನೋಡಿದ. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕೆಳಗೆ ಮಗ್ಗಗಳು ಓಡುತ್ತಿದ್ದವು. ಮೇಜಿನ ಮೇಲಿನ ಲೋಟದ ಮುಚ್ಚಳ ಅದಕ್ಕೆ ಸರಿಯಾಗಿ ಸಣ್ಣಗೆ ನಡುಗುತ್ತಿತ್ತು. ಎಲ್ಲರೂ ಅವನ ಮಾತಿಗೆ ಕಾದರು.

ತಮ್ಮನ ಕೆಲಸ ಹೋಯಿತು. ಗೊತ್ತಾಗಿದ್ದ ಮದುವೆ ಮುರಿಯಿತು. ಅವನು ಊರಿನ ಇನ್ನೊಂದು ತುದಿಗೆ ಹೋಗಿ ಒಂಟಿಯಾಗಿ ಕೋಣೆ ಹಿಡಿದ.

ಎಷ್ಟೋ ಕಾಲದ ಮೇಲೆ ಅಣ್ಣ ಒಮ್ಮೆ ಆ ಕೋಣೆಗೆ ಹೋಗಿದ್ದ. ಮಂಚದ ಮೇಲೆ ದಿಂಬಿನಷ್ಟು ದಪ್ಪದ ಪುಸ್ತಕವೊಂದು ಬೋರಲಾಗಿ ಬಿದ್ದಿತ್ತು. "ಏನೋ ಇದು?" ಎಂದು ಕೇಳಿದ್ದಕ್ಕೆ ತಮ್ಮ, "ಕಾದಂಬರಿ. ತುಂಬ ಚೆನ್ನಾಗಿದೆ," ಎಂದು ಚಹಾ ಕೊಟ್ಟ. ಚಹಾ ಮುಗಿಯುವವರೆಗೆ ಇಬ್ಬರೂ ಕಿಟಕಿ ನೋಡುತ್ತ ಕುಳಿತರು.

ಅದೇ ಪುಸ್ತಕವನ್ನು ಅಣ್ಣ ಗ್ರಂಥಾಲಯದಿಂದ ತಂದ. ಗಂಟೆಗಳನ್ನು ಎರಕ ಹೊಯ್ಯುವ ಯುವಕನೊಬ್ಬನ ಕತೆ. ಸಾಕಿ ಸಲಹಿದ ಕೋಟೆಪಾಲಕನೇ ತನ್ನ ತಪ್ಪನ್ನು ಅವನ ತಲೆಗೆ ಕಟ್ಟುತ್ತಾನೆ. ಅವನನ್ನು ಹಡಗಿನ ಹುಟ್ಟಿಗೆ ಸರಪಳಿಯಲ್ಲಿ ಬಿಗಿಯುತ್ತಾರೆ. ಪಡಬಾರದ ಪಾಡು ಪಟ್ಟು, ಬಿರುಗಾಳಿಯಲ್ಲಿ ತಪ್ಪಿಸಿಕೊಂಡು, ಬೇರೆ ಹೆಸರಿನಲ್ಲಿ ಅವನು ಮರಳಿ ಬರುತ್ತಾನೆ, ಸೇಡಿಗೆ. ಇಷ್ಟನ್ನೂ ಅಣ್ಣ ತಿಳಿದದ್ದು ಹಿಂಬದಿಯ ರಟ್ಟಿನಿಂದ. ಒಳಗೆ ವಿಚಾರಣೆಯ ಅಧ್ಯಾಯ ಬರುತ್ತಲೇ ಅವನು ಪುಸ್ತಕ ಮುಚ್ಚಿಬಿಟ್ಟಿದ್ದ.

ಅಂದಿನಿಂದ ಅಣ್ಣ ತಮ್ಮನ ಸೇಡಿಗೆ ಕಾದ. ಬಡ್ತಿ ಸಿಕ್ಕ ದಿನ ಕಾದ. ಮಗಳ ಮದುವೆಯಲ್ಲಿ ಊಟದ ಪಂಕ್ತಿಗಳ ನಡುವೆ ಓಡಾಡುತ್ತ, ಕಣ್ಣನ್ನು ಬಾಗಿಲಲ್ಲೇ ನೆಟ್ಟು ಕಾದ. ಇವತ್ತು ಬರುತ್ತಾನೆ, ನಾಲ್ಕು ಜನರ ಎದುರು ನಿಂತು ಹೇಳುತ್ತಾನೆ. ತಮ್ಮ ಬರಲಿಲ್ಲ. ಉಡುಗೊರೆಯಾಗಿ ಇಸ್ತ್ರಿ ಮಾಡಿದ ಮೇಜುಬಟ್ಟೆಯೊಂದನ್ನು ಕಳಿಸಿದ್ದ. ಅದನ್ನು ಹರವಲು ಅಣ್ಣ ಯಾರಿಗೂ ಬಿಡಲಿಲ್ಲ.

*

ಚಿತಾಗಾರದಲ್ಲಿ ಅವರಿಗಿಂತ ಮೊದಲು ಬಂದ ಇನ್ನೊಂದು ಮನೆಯವರಿದ್ದರು. "ಹೊತ್ತಾಗುತ್ತೆ. ಕೂತಿರಿ, ಕರೀತೀವಿ," ಎಂದು ಸಿಬ್ಬಂದಿಯವನು ಒಳಗೆ ಹೋದ. ತಮ್ಮನನ್ನು ನಡುವೆ ಇರಿಸಿ, ಸುತ್ತಲಿನ ಬೆಂಚುಗಳ ಮೇಲೆ ಎಲ್ಲರೂ ಕುಳಿತರು. ಅಣ್ಣ ದೂರದ ಬೆಂಚಿನ ತುದಿಯಲ್ಲಿ ಕುಳಿತ.

ಸ್ವಲ್ಪ ಹೊತ್ತಿನಲ್ಲಿ ಆ ಹೆಂಗಸೇ ಎದ್ದು ಬಂದಳು. ಅವಳನ್ನು ಎಲ್ಲರೂ ಇಸ್ತ್ರಿಯಕ್ಕ ಎನ್ನುತ್ತಿದ್ದರು. ಹಿಂದೆಯೇ ಬೋಳುತಲೆಯವನೂ ಬಂದ.

"ತಪ್ಪು ತಿಳ್ಕೋಬೇಡಿ ಯಜಮಾನ್ರೇ," ಎಂದಳು. "ಮೆಟ್ಟಿಲ ಮೇಲೆ ನಗಬಾರದಾಗಿತ್ತು. ನೀವು ಓದಣ್ಣಂಗೆ ಏನಾಗ್ಬೇಕು?"

"ಓದಣ್ಣ?"

"ಇವರೇ. ನಾವು ಹಾಗೇ ಕರೀತಿದ್ದದ್ದು. ನಾವು ಚಾದರ ಮಡಚ್ತಿದ್ವಿ, ಇವರು ಕೂತು ಓದಿ ಹೇಳ್ತಿದ್ರು. ಇವರ ಪಾಲಿನದನ್ನೂ ನಾವೇ ಮಡಚಿಬಿಡ್ತಿದ್ವಿ."

"ನಾನು ಅವನ ಅಣ್ಣ."

ಇಬ್ಬರೂ ಮುಖ ಮುಖ ನೋಡಿಕೊಂಡರು.

"ಓದಣ್ಣಂಗೆ ಅಣ್ಣ ಇದ್ರಾ?" ಎಂದ ಬೋಳುತಲೆಯವನು.

"ನನ್ನ ವಿಷಯ... ಏನೂ ಹೇಳಿರಲಿಲ್ವಾ?"

"ಇಲ್ಲಪ್ಪ. ಹಿಂದೆ ಮುಂದೆ ಯಾರೂ ಇಲ್ಲ ಅಂತಲೇ ನಾವು ಅಂದ್ಕೊಂಡಿದ್ದು."

ಅಣ್ಣನಿಗೆ ಬಿಗಿದ ಹಗ್ಗ ಸಡಿಲಿದಂತಾಗಬೇಕಿತ್ತು. ಹಾಗಾಗಲಿಲ್ಲ. ಕುಳಿತ ಬೆಂಚೇ ಜಾರಿದಂತಾಯಿತು.

"ಹಾಗಾದ್ರೆ ನಕ್ಕಿದ್ದು ಯಾಕೆ?"

ಬೋಳುತಲೆಯವನು ಹೆಗಲು ಕುಗ್ಗಿಸಿದ. "ನೀವು ಬಾಯಿ ಬಿಟ್ರಲ್ಲ, ನಮ್ಮ ಕೋಟೆಪಾಲಕನೇ ಎದ್ದು ಬಂದ ಹಾಗಾಯ್ತು. ಆ ಗಂಟಲು ಕೆರೆಯೋದು, ಆ ‘ನಿಧಾನ’! ಹಾಗೇ ಥೇಟ್. ಪುಸ್ತಕದಲ್ಲಿ ಅವನು ನಿಧಾನ ಅಂತಾನೋ ಇಲ್ವೋ, ನಮ್ಮ ಓದಣ್ಣ ಮಾತ್ರ ಅಲ್ಲಲ್ಲಿ ಸೇರಿಸಿಬಿಡೋರು."

"ಕೋಟೆಪಾಲಕ ಅಂದ್ರೆ... ಆ ಕೆಟ್ಟವನು."

"ಕೆಟ್ಟವನೇ, ಅವನ ಮನೆ ಹಾಳಾಗ!" ಎಂದಳು ಇಸ್ತ್ರಿಯಕ್ಕ. "ಆದ್ರೆ ನಮಗೆಲ್ಲ ಅವನೇ ಅಚ್ಚುಮೆಚ್ಚು. ಅವನ ಮಾತು ಬರುತ್ತೆ ಅಂದ್ರೆ ಮೆಷಿನ್ ಹತ್ರ ಇರೋರೂ ಓಡಿ ಬರೋರು. ಬಿರುಗಾಳಿ ಅಧ್ಯಾಯದಲ್ಲಂತೂ ಮೆಷಿನ್‌ಗಳು ಗಡಗಡ ಅಂತಿದ್ರೆ, ನಾವೂ ಅದೇ ಹಡಗಲ್ಲಿ ಕೂತ ಹಾಗೆ. ಇವನು ಒಂದ್ಸಲ ಹೆದರಿ ಬಕೆಟ್ ಒದ್ದುಬಿಟ್ಟಿದ್ದ."

"ಹೆದರಿ ಅಲ್ಲ, ಕಾಲು ಜಾರಿ," ಎಂದ ಬೋಳುತಲೆಯವನು.

"ಕೂತ್ಕೊಂಡೇ ಜಾರಿದ್ಯಲ್ಲ, ಅದೇನು ಕಾಲೋ!"

ಅಣ್ಣ ನಗಲಿಲ್ಲ. ಇಷ್ಟು ವರ್ಷ ಎದೆಯೊಳಗೆ ಕುಟುಕುತ್ತಿದ್ದದ್ದನ್ನು ಕೇಳಿಯೇಬಿಟ್ಟ. "ಸೇಡು ತೀರಿಸ್ಕೊಳ್ಳೋ ಭಾಗ ಇದೆಯಲ್ಲ. ಅದನ್ನ ಹೇಗೆ ಓದ್ತಿದ್ದ? ಖುಷಿಯಾಗಿ?"

ಇಸ್ತ್ರಿಯಕ್ಕ ಯೋಚಿಸಿದಳು. "ಅಲ್ಲೇ ನಮಗೆ ಬೇಜಾರು. ಬಸ್ಸು ತಪ್ಪಿಹೋಗುತ್ತೆ ಅನ್ನೋ ಹಾಗೆ ಗಡಿಬಿಡಿಯಲ್ಲಿ ಮುಗಿಸಿಬಿಡೋರು. ಯಾಕಣ್ಣಾ ಅಂದ್ರೆ, ಕೋಟೆಪಾಲಕನೂ ಸತ್ತುಹೋದ್ರೆ ಆಮೇಲೆ ಮಾತಾಡೋಕೆ ಯಾರಿದ್ದಾರೆ ಅನ್ನೋರು. ಮಾರನೇ ದಿನವೇ ಮತ್ತೆ ಮೊದಲ ಪುಟ."

ಅವಳು ಚೀಲದಿಂದ ಪುಸ್ತಕ ತೆಗೆದಳು. ಅಂಚುಗಳು ಸವೆದು ದುಂಡಗಾಗಿದ್ದವು. "ಈ ಸುತ್ತಿನಲ್ಲಿ ಅದೊಂದೇ ಅಧ್ಯಾಯ ಬಾಕಿ. ನಮ್ಮಲ್ಲಿ ತಡವರಿಸದೆ ಓದೋರು ಯಾರೂ ಇಲ್ಲ. ನೀವು ಓದ್ತೀರಾ? ಓದಣ್ಣನೂ ಇಲ್ಲೇ ಇದ್ದಾರಲ್ಲ."

ಬೇಡವೆನ್ನಲು ಬಾಯಿ ತೆರೆದ ಅಣ್ಣ, ಏಕೋ ಕೈ ಚಾಚಿದ.

ಎಲ್ಲರೂ ಹತ್ತಿರ ಸರಿದರು. ಅವನು ಓದತೊಡಗಿದ. ಹೆಸರು ಬದಲಿಸಿಕೊಂಡು ಬಂದ ಗಂಟೆಯವನು ಕೋಟೆಯ ಮೆಟ್ಟಿಲು ಹತ್ತಿದ, ಕೊನೆಯ ಕೋಣೆಯ ಬಾಗಿಲು ದೂಡಿದ. ಒಲೆಯ ಮುಂದೆ ಮುದುಕ ಕೋಟೆಪಾಲಕ ಕುಳಿತಿದ್ದ. ಅಣ್ಣ ಗಂಟಲು ಸರಿಮಾಡಿಕೊಂಡ. ಬೆಂಚುಗಳ ಮೇಲೆ ಒಂದು ಸಣ್ಣ ನಗೆ ಹರಿದು, ಕೂಡಲೇ ಅಡಗಿತು.

"‘ಬಾಗಿಲಲ್ಲೇ ಯಾಕೆ ನಿಂತೆ? ಒಳಗೆ ಬಾ. ನಿನ್ನನ್ನು ನೋಡಿದ ಮೊದಲ ದಿನವೇ ಗುರುತು ಹಿಡಿದಿದ್ದೆ. ನೀನೇಕೆ ಸುಮ್ಮನಿದ್ದೆ ಎಂಬುದಷ್ಟೇ ತಿಳಿಯಲಿಲ್ಲ. ಶಿಕ್ಷೆ ಏನಾದರೂ ಇರಲಿ, ಹೇಳಿಬಿಡು. ನನಗೆ ಕಾದು ಸಾಕಾಗಿದೆ.’"

ಯಾರೋ ಮೂಗು ಒರೆಸಿಕೊಂಡರು. "ಅದೇ, ಅದೇ ಧ್ವನಿ," ಎಂದು ಬೋಳುತಲೆಯವನು ಪಿಸುಗುಟ್ಟಿದ.

ಮುಂದಿನ ಸಾಲು ಗಂಟೆಯವನ ಉತ್ತರ. ಅಣ್ಣ ಓದು ನಿಲ್ಲಿಸಿದ.

"ಇವನು ಹೇಗೆ ಮಾತಾಡ್ತಿದ್ದ?"

"ಯಾರು, ಗಂಟೆಯವನಾ?" ಎಂದಳು ಇಸ್ತ್ರಿಯಕ್ಕ. "ಅವನಿಗೆ ಬೇರೆ ಧ್ವನಿ ಅಂತ ಏನೂ ಮಾಡ್ತಿರ್ಲಿಲ್ಲ. ಓದಣ್ಣನ ಸ್ವಂತ ಧ್ವನೀನೇ. ನಿಮಗೆ ಗೊತ್ತೇ ಇರುತ್ತಲ್ಲ."

ಅಣ್ಣ ಬಟ್ಟೆಯೊಳಗಿನ ಮುಖದತ್ತ ನೋಡಿದ. ಕಣ್ಣು ಮುಚ್ಚಿ ಆ ಧ್ವನಿಯನ್ನು ಹುಡುಕಿದ. ಚಹಾ ಕೊಟ್ಟ ಕೈ ನೆನಪಾಯಿತು. ಮ್ಯಾನೇಜರರ ಕೋಣೆಯಲ್ಲಿ ತಿರುಗಿ ನೋಡಿದ ಮುಖ ನೆನಪಾಯಿತು. ಅದರ ಬಾಯಿ ಮುಚ್ಚಿತ್ತು.

ಒಳಗೆಲ್ಲೋ ಕಬ್ಬಿಣದ ಬಾಗಿಲು ಹಳಿಯ ಮೇಲೆ ಸರಿದ ಸದ್ದಾಯಿತು. ಬೆಂಚುಗಳ ಮೇಲಿದ್ದವರು ಮುಂದಕ್ಕೆ ಬಾಗಿ ಕಾಯುತ್ತಲೇ ಇದ್ದರು. ಅಣ್ಣನ ಬೆರಳು ಆ ಸಾಲಿನ ಮೊದಲ ಪದದ ಕೆಳಗಿತ್ತು. ಬಾಯಿ ತೆರೆದಿತ್ತು.