ಕೇಕಿನ ಮೇಲೆ ಉದುರಿಸಿದ ಚಿನ್ನದ ಪುಡಿ

ಅಮೆರಿಕದ ಕಪ್ಪು ಜನರ ಮುತ್ತಜ್ಜಂದಿರಿಗೆ ಗುಲಾಮಗಿರಿಯಿಂದ ಬಿಡುಗಡೆ ಸಿಕ್ಕ ನೆನಪಿನ ಜೂನ್‌ಟೀನ್ತ್ ಹಬ್ಬ ಬಂತೆಂದರೆ, ಟೆಕ್ಸಾಸಿನ ಆ ಪುಟ್ಟ ಊರಿನ ಊಟದ ಮೇಜೆಲ್ಲ ಕೆಂಪೋ ಕೆಂಪು. ಕೆಂಪು ಶರಬತ್ತು, ಕಲ್ಲಂಗಡಿ, ಜೊತೆಗೆ ಊರವರೆಲ್ಲ ಗೌರವದಿಂದ ‘ಮಿಸ್’ ಎನ್ನುವ ಅಜ್ಜಿ ಅರ್ನೆಸ್ಟೀನಳ ಕೆಂಪು ಕೇಕು. ಚರ್ಚಿನ ಅಂಗಳದಲ್ಲಿ ಮಕ್ಕಳು ಮೊದಲು ಮುತ್ತುವುದೇ ಅದಕ್ಕೆ.

ಈ ಸಲ ಕೇಕಿನ ಮೇಲೆ ಚಿನ್ನದ ನಕ್ಷತ್ರ ಮೂಡಿಸುವ ಹುಕಿ ಅವಳಿಗೆ. ಅಲಂಕಾರದ ಸಾಮಾನಿನ ಅಂಗಡಿಯಿಂದ ಹೊಳೆಯುವ ಪುಡಿ ತಂದಿದ್ದಳು. ಎರಡು ಕೇಕುಗಳಲ್ಲಿ ಒಂದಕ್ಕೆ ಉದುರಿಸಿ ಮುಗಿಸುವಷ್ಟರಲ್ಲಿ ಪಕ್ಕದ ಮನೆಯ ಲಡೋನಾ ದೊಡ್ಡ ಪಾತ್ರೆ ಕೇಳಿಕೊಂಡು ಬಂದಳು. ಅವಳು ಶಾಲೆಯ ನರ್ಸ್.

"ಮಿಸ್ ಅರ್ನೆಸ್ಟೀನ್, ಏನಿದು? ಕೇಕು ಒಡವೆ ಹಾಕ್ಕೊಂಡಿದೆ!" ಎನ್ನುತ್ತಲೇ ಡಬ್ಬಿ ತಿರುಗಿಸಿ ನೋಡಿದಳು. ಅವಳ ನಗು ನಿಂತಿತು. "ಇದು ತಿನ್ನೋದಲ್ಲ. 'ಅಲಂಕಾರಕ್ಕೆ ಮಾತ್ರ' ಅಂತಿದೆ."

"ಕೆಳಗೆ ನೋಡೇ, 'ವಿಷವಲ್ಲ' ಅಂತಾನೂ ಇದೆ."

"ನಿಮ್ಮ ಮೊಮ್ಮಕ್ಕಳು ಚಿತ್ರ ಬರೆಯೋ ಬಣ್ಣದ ಕಡ್ಡಿ ಮೇಲೂ ಹಾಗೇ ಇರುತ್ತೆ. ಅದನ್ನ ಹುರಿದು ಬಡಿಸ್ತೀರಾ?"

"ನರ್ಸಮ್ಮಂಗೆ ಎಲ್ಲದರಲ್ಲೂ ರೋಗವೇ ಕಾಣುತ್ತೆ" ಎಂದು ಅರ್ನೆಸ್ಟೀನ್ ಬೆರಳಲ್ಲಿ ಪುಡಿ ಅದ್ದಿ ನೆಕ್ಕಿಯೇಬಿಟ್ಟಳು. "ನೋಡು, ಬದುಕಿದೀನಿ!"

"ಅಯ್ಯೋ, ಬಾಯಿ ತೊಳ್ಕೊಳ್ಳಿ! ಇಂಥ ಕೆಲವು ಪುಡೀಲಿ ತಾಮ್ರದಂಥ ಲೋಹ ಇರುತ್ತೆ. ಕೇಕಿನ ಮೇಲೆ ಹಾಕಿ ತಿಂದ ಮಕ್ಕಳು ವಾಂತಿ ಮಾಡ್ಕೊಂಡು ಆಸ್ಪತ್ರೆ ಸೇರಿದ್ದೂ ಉಂಟು."

ಲಡೋನಾ ವಿಷ ಸಹಾಯವಾಣಿಗೆ ಫೋನ್ ಮಾಡಿದಳು. ಚೂರೇ ಹೋಗಿರುವುದರಿಂದ ನೀರು ಕುಡಿಯಲಿ, ಹೊಟ್ಟೆ ತೊಳಸಿದರೆ ತಕ್ಷಣ ತಿಳಿಸಿ ಎಂದರು ಅಲ್ಲಿಯವರು. ಅರ್ನೆಸ್ಟೀನ್ ಕುರ್ಚಿಯಲ್ಲಿ ಕೂತು ಲೋಟ ತುಂಬ ನೀರು ಕುಡಿದಳು. ಅವಳ ಚಿಂತೆ ತನ್ನದಲ್ಲ, ಚರ್ಚಿನ ಅಂಗಳದಲ್ಲಿ ಕೇಕಿಗೆ ಮುತ್ತುವ ಆ ಮಕ್ಕಳದು.

"ಮೇಲಿಂದಷ್ಟೇ ಕೆರೆದು ಹಾಕಿದ್ರೆ?"

"ಬೇಡ. ಕೆರೆದ್ರೂ ಚೂರು ಉಳಿದಿರುತ್ತೆ, ಪೂರ್ತಿ ಹೋಗಲಿ."

"ಹಾಗಾದ್ರೆ ಈ ಕೆಂಪು? ಅದೂ ವಿಷವೇನೇ?"

ಲಡೋನಾ ಕೆಂಪು ಬಣ್ಣದ ಸೀಸೆಯನ್ನೂ ಓದಿದಳು. "ಇಲ್ಲ. ಇದು ತಿನ್ನೋ ಬಣ್ಣ, ಏನೇನು ಹಾಕಿದಾರೆ ಅಂತ ಬರೆದಿದಾರೆ. ಮಿತವಾಗಿ ಹಾಕಿದ್ರೆ ಭಯವಿಲ್ಲ. ಯಾವುದಾದ್ರೂ ಮಗೂಗೆ ಇದರಿಂದ ಮೈಮೇಲೆ ಗಂಧೆ ಎದ್ರೆ, ರಂಪ ಜಾಸ್ತಿಯಾದ್ರೆ ಆ ಮಗೂಗೆ ಕೊಡದೆ ಡಾಕ್ಟರಿಗೆ ಹೇಳಬೇಕು, ಅಷ್ಟೆ."

ಅರ್ನೆಸ್ಟೀನ್ ತಾನೇ ಎದ್ದು ಚಿನ್ನದ ಕೇಕನ್ನು ಕಸದ ಬುಟ್ಟಿಗೆ ಹಾಕಿದಳು. ಉಳಿದ ಕೇಕಿನ ಮೇಲೆ ಸ್ಟ್ರಾಬೆರಿಗಳನ್ನು ನಕ್ಷತ್ರದ ಹಾಗೆ ಜೋಡಿಸಿದಳು. ಪುಣ್ಯಕ್ಕೆ ಅವಳಿಗೆ ಹೊಟ್ಟೆ ತೊಳಸಲಿಲ್ಲ. ಮಧ್ಯಾಹ್ನ ಚರ್ಚಿನ ಅಂಗಳದಲ್ಲಿ ಮಕ್ಕಳು ಕೇಕನ್ನು ಕೆನ್ನೆಗೆಲ್ಲ ಮೆತ್ತಿಕೊಂಡು ತಿನ್ನುವುದನ್ನು ಕಣ್ತುಂಬ ನೋಡಿದಳು. ಕೇಕು ಹೇಗೆ ಮಾಡುವುದೆಂದು ಕೇಳಿದ ಹೆಂಗಸರಿಗೆಲ್ಲ ಅವಳದು ಒಂದೇ ಮಾತು: "ಮೊದಲು ಡಬ್ಬಿ ಓದ್ರಮ್ಮಾ, ಆಮೇಲೆ ಹಿಟ್ಟು ಕಲಸಿ."

ನೀವೂ ಅಷ್ಟೇ ಮಾಡಿ. ಕೇಕಿಗೆ ಬಣ್ಣವನ್ನೋ ಪುಡಿಯನ್ನೋ ಕೊಳ್ಳುವ ಮುನ್ನ ಡಬ್ಬಿ ತಿರುಗಿಸಿ. ತಿನ್ನಲು ಯೋಗ್ಯ ಎಂಬ ಮಾತು, ಅದರಲ್ಲಿ ಏನೇನಿದೆ ಎಂಬ ವಿವರ ಎರಡೂ ಇರಲಿ. ಇಲ್ಲವೆಂದರೆ ಅದು ಎಷ್ಟೇ ಹೊಳೆಯಲಿ, ನಿಮ್ಮ ಮಗುವಿನ ತಟ್ಟೆಗೆ ಬೇಡ.