ವ್ಯಾಸಪೀಠ ಕಂಡ ನಡುಕ

"ಇದರಿಂದ ಏನು ಮಾಡಕ್ಕಾಗುತ್ತೆ?" ಎಂದು ಬಡಗಿ ವೀರಾಚಾರಿ ಕೇಳಿದ. ಕೊಟ್ಟಿಗೆಯಲ್ಲಿ ಅವನೊಬ್ಬನೇ ಇದ್ದ. ಬಾಗಿಲ ಚೌಕಟ್ಟಿಗೆ ಕೊಯ್ದು ಮಿಕ್ಕ ಹಲಸಿನ ತುಂಡು ನಾನು. ಮೂರು ದಿನ ಉಳಿ ಹಿಡಿದು, ಒಂದೇ ಹಲಗೆಯನ್ನು ಸೀಳಿ, ನಡುವೆ ಬೆರಳು ಹೆಣೆದಂತೆ ಕೀಲು ಬಿಡಿಸಿದ. ಹೀಗೆ ನಾನು ಒಂದು ವ್ಯಾಸಪೀಠವಾದೆ. ಓದುವವರ ಮುಂದೆ ರೆಕ್ಕೆ ಬಿಚ್ಚಿ ಕೂತು, ಪುಸ್ತಕ ಹೊರುವುದು ನನ್ನ ಕೆಲಸ.

ನನ್ನನ್ನು ಕೊಂಡವರು ಗಮಕಿ ನಂಜುಂಡಯ್ಯನವರು. ಮೂವತ್ತು ವರ್ಷ ನನ್ನ ಅಂಚಿಗೆ ಕೈಯಿಟ್ಟು ಹಾಡಿದರು. ನಾನು ಒಮ್ಮೆಯೂ ಅಲುಗಲಿಲ್ಲ. ಅವರ ನಂತರ ಮಗಳು ಜಲಜಾಕ್ಷಿಯ ಕೈಗೆ ಬಂದೆ. ಶನಿವಾರ ಶನಿವಾರ ರಾಮಮಂದಿರದಲ್ಲಿ ಅವಳು ಪದ್ಯ ಹಾಡುವುದು, ಪಕ್ಕದಲ್ಲಿ ಕೂತ ಶೇಷಗಿರಿ ಶಾಸ್ತ್ರಿಗಳು ಅರ್ಥ ಹೇಳುವುದು. ಗಮಕದ ಪದ್ಧತಿಯೇ ಹಾಗೆ.

ಹಾಡುವಾಗ ಅವಳ ಬೆರಳು ಹೂವಿನಷ್ಟು ಹಗುರ. ಸ್ವಂತದ ಒಂದು ಮಾತು ಆಡಬೇಕೆಂದರೆ ಮಾತ್ರ ಮುಗಿಯಿತು. ಒಮ್ಮೆ ಸಭೆಗೆ ವಂದನೆ ಹೇಳು ಎಂದಿದ್ದರು. ಅಂಗೈ ಬೆವರು ನನ್ನ ಅಂಚಿಗಿಳಿಯಿತು, ನಡುಕಕ್ಕೆ ಕೀಲು ಟಕಟಕ ಎಂದಿತು. "ಎಲ್ಲರಿಗೂ" ಎಂದಳು, ಅಲ್ಲಿಗೇ ನಿಂತುಹೋದಳು.

"ಮಾತಿನ ಗೊಡವೆ ನಿನಗ್ಯಾಕಮ್ಮ, ನಾನಿದೀನಲ್ಲ" ಎಂದರು ಶಾಸ್ತ್ರಿಗಳು.

ಒಂದು ಶನಿವಾರ ಅವರು ಬರುವ ಬಸ್ಸು ಕೆಟ್ಟು ದಾರಿಯಲ್ಲೇ ಉಳಿದರು. ಅಂದು ಮದುವೆಯಾಗದ ಹುಡುಗಿ ಹೆತ್ತ ಕೂಸನ್ನು ಪೆಟ್ಟಿಗೆಯಲ್ಲಿಟ್ಟು ಹೊಳೆಗೆ ಬಿಡುವ ಪ್ರಸಂಗ. ಜಲಜಾಕ್ಷಿ ಪದ್ಯ ಹಾಡಿದಳು. ಅರ್ಥ ಹೇಳಲು ಪಕ್ಕದಲ್ಲಿ ಯಾರೂ ಇಲ್ಲ. ಗಡಬಡಿಸಿ ಮುಂದಿನ ಪದ್ಯಕ್ಕೆ ಹೋದಳು.

"ನಿಲ್ಸೇ ತಾಯಿ" ಎಂದರು ಮುಂದಿನ ಸಾಲಿನ ಮುದುಕಿ ಪುಟ್ಟತಾಯಮ್ಮ. "ಕೂಸನ್ನ ನೀರಲ್ಲಿ ಬಿಟ್ಟು ನೀನೆಲ್ಲಿಗೆ ಓಡೋಯ್ತಿದೀಯ? ಏನಾಯ್ತು ಅಂತ ಹೇಳು."

ಸಭೆ ನಕ್ಕಿತು. ನನ್ನ ಮೇಲಿನ ಪುಸ್ತಕ ಜಾರತೊಡಗಿತು. ಜಲಜಾಕ್ಷಿ ಎರಡೂ ಕೈಯಲ್ಲಿ ನನ್ನನ್ನು ಅಮುಕಿ ಹಿಡಿದು, ತಲೆಯೆತ್ತದೆ, ನನಗೇ ಹೇಳುವಂತೆ ಶುರುಮಾಡಿದಳು.

"ಅವಳು ತಕ್ಷಣ ಬಿಡ್ಲಿಲ್ಲ. ಮಂಡಿವರೆಗೂ ನೀರಿಗಿಳಿದು, ಪೆಟ್ಟಿಗೆ ಜೊತೇಲೇ ನಾಲ್ಕು ಹೆಜ್ಜೆ ನಡೆದ್ಲು."

"ನೀರು ತಣ್ಣಗಿತ್ತಾ?"

"ಬೆಳಗಿನ ನೀರಮ್ಮ, ಕೊರೀತಿತ್ತು. ಅದಕ್ಕೇ ಒಳಗೆ ಇನ್ನೊಂದು ಮಡಿಕೆ ಬಟ್ಟೆ ಹಾಸಿದ್ಲು."

ಪುಟ್ಟತಾಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಜಲಜಾಕ್ಷಿಯ ನಡುಕ ನಿಂತಿರಲಿಲ್ಲ. ಮಾತೂ ನಿಲ್ಲಲಿಲ್ಲ.

ಈಗ ನನ್ನ ಕೀಲು ಸಡಿಲ, ಎಡ ರೆಕ್ಕೆಯಲ್ಲಿ ಸೀಳು. ಮಂದಿರದ ಗೂಡಿನಲ್ಲಿ ಮಡಿಸಿಟ್ಟಿದ್ದಾರೆ. ಧೈರ್ಯವೆಂದರೆ ನಡುಗದ ಕೈ ಎಂದು ನಂಜುಂಡಯ್ಯನವರ ಕಾಲದಲ್ಲಿ ನಂಬಿದ್ದೆ. ಆ ನಂಬಿಕೆ ನನ್ನನ್ನು ಬಿಟ್ಟದ್ದು ಆ ಕೂಸಿನ ಪ್ರಸಂಗದ ಮರುವಾರ. ಶಾಸ್ತ್ರಿಗಳು ಬಂದು ತಮ್ಮ ಜಾಗದಲ್ಲಿ ಕೂತು, ಅಕ್ಕರೆಯಿಂದಲೇ ಹೇಳಿದರು: "ಏನೋ ಒಂದು ವಾರ ನಿಭಾಯಿಸಿದೆ ತಾಯಿ. ಇನ್ನು ನೀನು ಹಾಡು ಸಾಕು, ಅರ್ಥ ನಾನು ಹೇಳ್ತೀನಿ."

ಅವಳ ಬೆರಳು ನನ್ನ ಅಂಚಿನಲ್ಲಿ ಎಲೆಯಂತೆ ಅದುರುತ್ತಿತ್ತು.

"ಆಗಲ್ಲ, ಶಾಸ್ತ್ರಿಗಳೇ, ಅರ್ಥಾನೂ ನಾನೇ ಹೇಳ್ತೀನಿ" ಎಂದಳು.